ಮೊದಲ ಸ್ಲೈಡಿನಲ್ಲಿ ಯಜಮಾನರು

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿಯಿದೆ. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಬೋರ್‌ವೆಲ್ಲಿನಲ್ಲಿ ನೀರು ಬಿದ್ದದ್ದು, ಮಗ ಪಿಯುಸಿ ಪಾಸಾದದ್ದು, ಏನೇ ಆದರೂ ಸರ್ಕಲ್ಲಿನಲ್ಲಿ ತಮ್ಮ ಮುಖ ನಿಲ್ಲಬೇಕು ಎನ್ನುವ ಜನರ ನಡುವೆ ಬದುಕುತ್ತಿದ್ದೇನೆ. ಹಾಗಾಗಿ ಅನ್ನಕ್ಕೆ ತೊಂದರೆಯಿಲ್ಲ. ತಲೆಗೆ ಮಾತ್ರ ದಿನಾ ತೊಂದರೆ.

ಫ್ಲೆಕ್ಸ್ ಮಾಡುವುದೆಂದರೆ ಅಕ್ಷರ ಜೋಡಿಸುವುದು ಅಂತ ತಿಳಿದವರು ಒಂದು ದಿನ ಬಂದು ನನ್ನ ಸ್ಟೂಲಿನ ಮೇಲೆ ಕೂತು ನೋಡಬೇಕು. ಅಕ್ಷರದಲ್ಲಿ ಏನೂ ಇಲ್ಲ. ಎಲ್ಲ ಇರುವುದು ಮುಖಗಳಲ್ಲಿ. ಯಾರ ಮುಖ ಮೇಲೆ, ಯಾರದು ಕೆಳಗೆ, ಯಾರದು ಎಷ್ಟು ದೊಡ್ಡದು. ಶುಭಕೋರುವವರ ಸಾಲಿನಲ್ಲಿ ಅಣ್ಣನ ತಲೆ ತಮ್ಮನ ತಲೆಗಿಂತ ಒಂದು ಬೆರಳು ಚಿಕ್ಕದಾದರೆ ಎರಡು ಮನೆಗಳು ಮಾತು ಬಿಡುತ್ತವೆ. ಉಬ್ರಾಣಿ ಕಡೆಯ ಒಬ್ಬರು ಒಮ್ಮೆ ಟೇಪು ಹಿಡಿದುಕೊಂಡೇ ಬಂದಿದ್ದರು. ಪ್ರಿಂಟಾದ ಫ್ಲೆಕ್ಸನ್ನು ನೆಲಕ್ಕೆ ಹಾಸಿಸಿ, ಮಂಡಿಯೂರಿ, ತಮ್ಮ ಮುಖವನ್ನೂ ದಾಯಾದಿಯ ಮುಖವನ್ನೂ ಅಳೆದರು. "ನಂದು ಸಣ್ಣದೈತಲ್ರೀ" ಅಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ದೇವರು ಕೊಟ್ಟಿದ್ದೇ ಅಷ್ಟು, ನಾನೇನ್ ಮಾಡ್ಲಿ?" ಅಂದುಬಿಟ್ಟೆ. ಅವರು ಫ್ಲೆಕ್ಸ್ ಬಿಟ್ಟು ಹೋದರು. ಮಾರನೆಯ ತಿಂಗಳು ಮಗಳ ಮದುವೆಗೆ ನನ್ನ ಹತ್ತಿರವೇ ಬಂದರು, ಟೇಪು ಸಮೇತ.

ಇಷ್ಟು ವರ್ಷದ ಈ ಅನುಭವವನ್ನೆಲ್ಲ ನಾನು ನನ್ನ ಅಕ್ಕನಿಗಾಗಿ ಸುರಿದೆ. ಅದರಿಂದ ಏನಾಯಿತು ಎನ್ನುವುದೇ ಈ ಕಥೆ.

ಅಕ್ಕನನ್ನು ಕೊಟ್ಟಿರುವುದು ಜಗಳೂರಿಗೆ. ಅಲ್ಲಿ ಮನೆಯ ಮುಂದಿನ ಕೋಣೆಯಲ್ಲಿ, ರಸ್ತೆಗೆ ಮುಖ ಮಾಡಿ, ಅವಳು ಬೀದಿಯ ಮೂವರು ಹೆಂಗಸರ ಜೊತೆ ಜೋಳದ ರೊಟ್ಟಿ ತಟ್ಟುತ್ತಾಳೆ. ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ಶೇಂಗಾ ಅವರ ಊರಿನದೇ, ಹುರಿಯುವ ಕೈ ಅಕ್ಕನದೇ. ಆ ಪುಡಿಯನ್ನು ಒಮ್ಮೆ ತಿಂದವರು ಎರಡನೆಯ ಸಲ ಕೇಳುವಾಗ ದನಿ ಬದಲಾಗಿರುತ್ತದೆ. ಆದರೆ ಮಾರಾಟ ಮಾತ್ರ ಬಸ್‌ಸ್ಟ್ಯಾಂಡಿನ ಎರಡು ಅಂಗಡಿ, ವಾರದ ಸಂತೆ, ಇಷ್ಟನ್ನು ದಾಟಿ ಹೋಗಿರಲಿಲ್ಲ.

ಒಂದು ದಿನ ಅಕ್ಕ ಫೋನ್ ಮಾಡಿದಳು. ಅವಳು ಸುಮ್ಮನೆ ಫೋನ್ ಮಾಡುವವಳಲ್ಲ.

"ದೀಪಾವಳಿ ಆದ್ಮ್ಯಾಲೆ ಮುಂದಿನ ಕೋಣೇನ ಮೊಬೈಲ್ ಅಂಗಡಿಯವರಿಗೆ ಬಾಡಿಗಿ ಕೊಡ್ತಾರಂತೆ ಕಣೋ. ಒಲಿ ತಗೀಬೇಕಂತೆ."

"ನೀನು ಬ್ಯಾಡ ಅನ್ನಾಕೆ ಆಗಲ್ವಾ?"

"ಯಾರಿಗೆ ಅನ್ಲಿ? ಗ್ವಾಡಿಗಾ?"

ಗೋಡೆಯ ವಿಷಯ ಹೇಳಬೇಕು. ಅಕ್ಕನ ಗಂಡ ಮೆಕ್ಕೆಜೋಳದ ಲಾರಿ ಓಡಿಸುವವರು, ತಿಂಗಳಲ್ಲಿ ಹದಿನೈದು ದಿನ ರಸ್ತೆಯ ಮೇಲೆಯೇ. ಮನೆಯ ಆಡಳಿತವೆಲ್ಲ ಅವರ ಅಣ್ಣನದು. ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಕೆಟ್ಟವರಲ್ಲ, ಆದರೆ ನಗುವುದನ್ನು ಯಾರೂ ನೋಡಿಲ್ಲ. ಆ ಮನೆಯಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ಈಗೆಲ್ಲ ಎಷ್ಟೋ ಕಡೆ ಬಿಟ್ಟಿದ್ದಾರೆ, ಅವರ ಮನೆಯಲ್ಲಿ ಬಿಟ್ಟಿಲ್ಲ. ಅಕ್ಕ ಸೆರಗು ಹೊದ್ದು, ಬಾಗಿಲ ಹಿಂದೆ ನಿಂತು, ಎದುರಿನ ಗೋಡೆಗೆ ಹೇಳುತ್ತಾಳೆ, "ಊಟ ಆಗೈತಂತೆ." ಯಜಮಾನರು ಕಂಬಕ್ಕೆ ಹೇಳುತ್ತಾರೆ, "ಬಂದೆ ಅನ್ನು." ಮದುವೆಯಾದಾಗಿನಿಂದ ಗೋಡೆ ಮತ್ತು ಕಂಬದ ನಡುವೆಯೇ ಆ ಮನೆ ನಡೆದಿದೆ. ಗೋಡೆಯ ಮುಂದೆ "ಕೋಣೆ ಕೊಡಬ್ಯಾಡ್ರಿ" ಅಂತ ವಾದ ಮಾಡುವುದು ಹೇಗೆ?

ಯಜಮಾನರ ಕಡೆಯಿಂದ ನೋಡಿದರೆ ಅವರದೂ ತಪ್ಪಲ್ಲ. ರಸ್ತೆಗೆ ಹೊಂದಿದ ಕೋಣೆ, ತಿಂಗಳು ತಿಂಗಳು ಬಾಡಿಗೆ, ಗೋಡೆಗೆ ಹೊಗೆಯಿಲ್ಲ. ಆದರೆ ಅಕ್ಕ ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. "ಆ ಕೋಣ್ಯಾಗೆ ಕುಂತಾಗ ಮಾತ್ರ ನಾನು ಗಟ್ಟಿಯಾಗಿ ನಗ್ತೀನಿ ಕಣೋ. ಒಳಗೆ ಬಂದ್ರೆ ಬಾಯಿ ಮುಚ್ಕಂಡೇ ಇರ್ತೀನಿ." ಚಿಕ್ಕವಳಿದ್ದಾಗ ಅವಳು ನಕ್ಕರೆ ನಮ್ಮ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು.

ಅದೇ ವಾರ ಅಂಗಡಿಗೆ ಹೊನ್ನಾಳಿ ಕಡೆಯಿಂದ ಪಶು ಆಹಾರ ಮಾರುವ ಒಬ್ಬ ಬಂದಿದ್ದ. ಫ್ಲೆಕ್ಸಿಗೆ ಅಂತ ಬಂದವನು ನನ್ನ ಮುಂದೆಯೇ ಫೋನ್ ತೆಗೆದು, ಬೆರಳಲ್ಲಿ ಒತ್ತಿ ಒತ್ತಿ, ಒಂದಾದ ಮೇಲೆ ಒಂದು ಚಿತ್ರ ತೋರಿಸಿದ. ಎಮ್ಮೆ, ಎಮ್ಮೆಯ ಕೆಚ್ಚಲು, ಚೀಲ, ಹಾಲಿನ ಕ್ಯಾನು. "ಸ್ಲೈಡ್ ಪ್ರೆಸೆಂಟೇಶನ್ ಸಾರ್. ಆನ್‌ಲೈನ್‌ನಾಗೆ ಐತೆ. ಲಿಂಕ್ ಕಳಿಸಿದ್ರೆ ಸಾಕು, ಎಲ್ಲಿ ಬೇಕಾದ್ರೂ ತೆಗೆದು ನೋಡ್ತಾರೆ. ನಿಮ್ ಫ್ಲೆಕ್ಸ್ ಆದ್ರೆ ಸರ್ಕಲ್‌ನಾಗೇ ನಿಂತಿರ್ತೈತೆ, ಒಂದು ಗಾಳಿ ಬಂದ್ರೆ ಹರೀತೈತೆ."

ನನ್ನ ಅಂಗಡಿಯಲ್ಲಿ ನಿಂತು ನನ್ನ ಫ್ಲೆಕ್ಸಿಗೇ ಹೀಗೆ ಅನ್ನುವುದೆಂದರೆ! ಮೈ ಉರಿಯಿತು. ಆದರೆ ಅವನು ಹೋದ ಮೇಲೆ ಆ ಎಮ್ಮೆ ತಲೆಯಿಂದ ಹೋಗಲಿಲ್ಲ. ಎಮ್ಮೆ ಊರೂರು ತಿರುಗಬಹುದಾದರೆ ಅಕ್ಕನ ರೊಟ್ಟಿ ಯಾಕೆ ತಿರುಗಬಾರದು? ಹೊನ್ನಾಳಿ, ನ್ಯಾಮತಿ, ಸವಳಂಗ, ಚನ್ನಗಿರಿ, ಎಲ್ಲ ಕಡೆಯ ಅಡುಗೆ ಗುತ್ತಿಗೆಯವರಿಗೆ, ಹಾಸ್ಟೆಲಿನವರಿಗೆ, ಅಂಗಡಿಯವರಿಗೆ ಹೋದರೆ, ಆರ್ಡರ್ ಬಂದರೆ, ಯಜಮಾನರು ಕೋಣೆ ಬಿಡಿಸುತ್ತಾರೆಯೇ? ಎರಡನೆಯ ಯೋಚನೆಯೂ ಬಂತು, ಅದು ಇನ್ನೂ ಚೆನ್ನಾಗಿತ್ತು. ಅಕ್ಕ ಬಾಯಿ ಬಿಟ್ಟು ಕೇಳಲಾಗದ್ದನ್ನು ಸ್ಲೈಡಿನಲ್ಲಿ ಕೇಳಿದರೆ ಹೇಗೆ? ಯಜಮಾನರನ್ನು ಇಡೀ ಜಿಲ್ಲೆಯ ಮುಂದೆ ಎತ್ತಿ ಕೂರಿಸಿದರೆ, ಅಷ್ಟು ಎತ್ತರದಿಂದ ಇಳಿದು ಬಂದು ಒಲೆ ತೆಗೆಸುವುದಕ್ಕೆ ಯಾವ ಮನುಷ್ಯನಿಗೂ ಮನಸ್ಸು ಬರುವುದಿಲ್ಲ. ಮುಖಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಕೂತೆ. ಸ್ಲೈಡ್ ಅಂದರೆ ಪುಟ ತಿರುಗಿಸುವ ಫ್ಲೆಕ್ಸ್, ಅಷ್ಟೇ. ಮೊದಲ ಸ್ಲೈಡಿನಲ್ಲಿ ಯಜಮಾನರು ಒಬ್ಬರೇ. ಅವರದು ಇದ್ದದ್ದು ಒಂದೇ ಫೋಟೋ, ಯಾವುದೋ ಸೊಸೈಟಿಯ ಕಾರ್ಡಿಗೆ ತೆಗೆಸಿದ್ದು, ಬೇವಿನ ಕಷಾಯ ಕುಡಿದ ಮೇಲೆ ತೆಗೆದ ಹಾಗಿತ್ತು. ಮೊಟ್ಟೆಯಾಕಾರದ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಕೂರಿಸಿದೆ. ತಲೆಯ ಹಿಂದೆ ಬೆಳಕಿನ ಕಿರಣ ಬಿಟ್ಟೆ. ಎರಡೂ ಕಡೆ ಚೆಂಡು ಹೂವಿನ ಹಾರ ಇಳಿಬಿಟ್ಟೆ. ಕೆಳಗೆ ಆ ಮೂಲೆಗೊಂದು ಈ ಮೂಲೆಗೊಂದು ದೀಪ. ದೀಪದ ನಡುವೆ ದಪ್ಪ ಅಕ್ಷರದಲ್ಲಿ: "ನಮ್ಮ ಒಲೆಗೆ ನೆರಳಾದ ಹಿರಿಯರು."

ಆಮೇಲೆ ಮನೆದೇವರು. ಆಮೇಲೆ ಅಕ್ಕನ ಮಾವ, ಅತ್ತೆ, ಅವರ ಅಣ್ಣತಮ್ಮಂದಿರು, ವಯಸ್ಸಿಗೆ ತಕ್ಕಂತೆ ತಲೆ ದಪ್ಪ ಇಟ್ಟು. ಆಮೇಲೆ ಹೊನ್ನಾಳಿಯ ಬೀಗರು, ಬಿಟ್ಟರೆ ಬೇಜಾರು ಮಾಡಿಕೊಳ್ಳುವ ನ್ಯಾಮತಿಯವರು, ಹಾಕಿದರೂ ಬೇಜಾರು ಮಾಡಿಕೊಳ್ಳುವ ಸವಳಂಗದವರು. ಒಂದೊಂದು ಮುಖವೂ ಗಿರಗಿರ ತಿರುಗಿಕೊಂಡು ಬಂದು ನಿಲ್ಲುವ ಹಾಗೆ ಮಾಡಿದೆ, ಆ ಬಟನ್ ಆಗತಾನೇ ಸಿಕ್ಕಿತ್ತು. ಈ ಮೆರವಣಿಗೆಯೆಲ್ಲ ಮುಗಿದ ಮೇಲೆ, ಕೊನೆಗೆ, ಹೊಸ ಸೊಸೆ ಬಂದ ಹಾಗೆ ರೊಟ್ಟಿ ಬಂತು. ರೊಟ್ಟಿಯ ಹಿಂದೆ ಚಟ್ನಿಪುಡಿ ಮತ್ತು ಅಕ್ಕನ ಫೋನ್ ನಂಬರು.

ಸಂಜೆ ಲಿಂಕನ್ನು ಸಂಬಂಧಿಕರ ಗ್ರೂಪು, ಸಮಾಜದ ಗ್ರೂಪು, ಫ್ಲೆಕ್ಸ್ ಗಿರಾಕಿಗಳ ಗ್ರೂಪು, ಎಲ್ಲಕ್ಕೂ ಬಿಟ್ಟೆ. ಎಲ್ಲರಿಗೂ ಮುಟ್ಟಿಸಿ ಅಂತಲೂ ಬರೆದೆ. ಸ್ವಲ್ಪ ಹೊತ್ತಿಗೆ ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. ಆಮೇಲೆ ಇನ್ನೊಬ್ಬರು. ಆಮೇಲೆ ಮಳೆ ಬಂದ ಹಾಗೆ ಕೈಮುಗಿದ ಚಿತ್ರಗಳು ಸುರಿದವು, ಗ್ರೂಪಿಗೆ ಗ್ರೂಪೇ ಮುಗಿದ ಕೈ. ಇಷ್ಟು ವರ್ಷ ಫ್ಲೆಕ್ಸ್ ಮಾಡಿದ್ದೇನೆ, ಒಬ್ಬರೂ ಕೈ ಮುಗಿದಿರಲಿಲ್ಲ. ಹೆಂಡತಿಗೆ ತೋರಿಸಿ, "ನೋಡು, ಕೆಲಸ ಅಂದ್ರೆ ಇದು" ಅಂದೆ. ಅವಳು ಇಣುಕಿ ನೋಡಿ, "ಇಷ್ಟು ಕೈ ಯಾಕೆ ಮುಗೀತಾರೆ ರೊಟ್ಟಿಗೆ?" ಅಂದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಜಗಳೂರಿಗೆ ಹೊರಟೆ. ಆ ಮನೆಯಲ್ಲಿ ಇರುವುದು ಬಟನ್ ಫೋನು, ಯಜಮಾನರಿಗೆ ನಾನೇ ಕೈಯಾರೆ ತೋರಿಸಬೇಕು ಅಂತ ಆಸೆ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗಲೂ ಫೋನ್ ಜೇಬಿನಲ್ಲಿ ನಡುಗುತ್ತಲೇ ಇತ್ತು. ತೆಗೆಯಲಿಲ್ಲ. ಮೆಚ್ಚುಗೆಯನ್ನೆಲ್ಲ ಒಟ್ಟಿಗೆ, ಅವರ ಮುಂದೆಯೇ ಗಟ್ಟಿಯಾಗಿ ಓದೋಣ ಅಂತ ಹಿಡಿದಿಟ್ಟುಕೊಂಡೆ.

ನಾನು ಹೋಗುವ ಹೊತ್ತಿಗೆ ಯಜಮಾನರು ಕಟ್ಟೆಯ ಮೇಲೆ ಕೂತು ಚಹಾವನ್ನು ಬಸಿಗೆ ಹುಯ್ದುಕೊಂಡು ಊದುತ್ತಿದ್ದರು. ಮುಂದಿನ ಕೋಣೆಯಿಂದ ರೊಟ್ಟಿ ತಟ್ಟುವ ಸದ್ದು, ಅಕ್ಕನ ನಗು, ಹೊಗೆ, ಮೂರೂ ಬರುತ್ತಿದ್ದವು. "ಬಾರಪ್ಪಾ. ಇದ್ಯಾಕೆ ಇಷ್ಟು ಬೆಳಿಗ್ಗೆ?" ಅಂದರು. "ನಿಮಗೊಂದು ತೋರಿಸಬೇಕಿತ್ತು ಯಜಮಾನ್ರೇ" ಅಂತ ಪಕ್ಕದಲ್ಲಿ ಕೂತು ಫೋನ್ ತೆಗೆದೆ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಅಳು ಕೇಳಿಸಿತು.

ನಮ್ಮ ಕಡೆ ಸಾವಿನ ಮನೆಗೆ ಬರುವ ಹಿರಿಯ ಹೆಂಗಸರು ಮನೆ ಬಾಗಿಲಿಗೆ ಬಂದು ಅಳಲು ಶುರು ಮಾಡುವುದಿಲ್ಲ. ಬೀದಿಯ ತಿರುವಿನಲ್ಲೇ ದನಿ ತೆಗೆಯುತ್ತಾರೆ. ಸುಮ್ಮನೆ ಅಳುವುದೂ ಇಲ್ಲ. ಸತ್ತವರ ಗುಣವನ್ನು ಹಾಡಿ, ಎಳೆದು ಎಳೆದು ಅಳುತ್ತಾರೆ. ನೋಡಿದರೆ ಬಾಡಿಗೆ ಗಾಡಿಯೊಂದು ನಿಂತಿದೆ. ನ್ಯಾಮತಿಯಿಂದ ಯಜಮಾನರ ಸೋದರತ್ತೆ, ಮುದುಕಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇಬ್ಬರ ಹೆಗಲಿಗೆ ಒರಗಿ ಬರುತ್ತಿದ್ದಾರೆ. ಹಿಂದೆ ಹೊನ್ನಾಳಿಯ ಬೀಗರು, ಕೈಯಲ್ಲಿ ಹೂವಿನ ಹಾರ. ಅವರ ಹಿಂದೆ ಇಬ್ಬರ ತಲೆಯ ಮೇಲೆ ಬಟ್ಟೆ ಕಟ್ಟಿದ ಬುತ್ತಿ ಪುಟ್ಟಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಮನೆಯವರಿಗೆ ಊಟ ಬಂದವರೇ ತರಬೇಕು.

ಯಜಮಾನರು ಬಸಿ ಕೆಳಗಿಟ್ಟು ಎದ್ದು ನಿಂತರು. "ಅಯ್ಯೋ, ನ್ಯಾಮತ್ಯಾಗೆ ಯಾರು ಹೋದ್ರೋ?" ಅಂದರು. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. ಅತ್ತೆಯ ಹಾಡು ಹತ್ತಿರ ಬಂತು.

"ಕಟ್ಟಿ ಮ್ಯಾಲಿನ ದೀಪವೇ, ನನ್ನ ತೌರಿನ ಕಂಬವೇ... ತಮ್ಮನ ಹೆಂಡ್ತಿ ಒಲಿಗೆ ನೆಳ್ಳಾಗಿದ್ದೆಲ್ಲೋ ನನ್ನಪ್ಪಾ... ಅವ್ಳನ್ನ ತಂಗಿ ಅಂತ ಕಾಯ್ದೆಲ್ಲೋ, ಆ ಒಲೀನ ಇನ್ಯಾರು ಕಾಯ್ತಾರೋ..."

ನನ್ನ ಕೈಯಲ್ಲಿ ಫೋನ್ ತೆರೆದೇ ಇತ್ತು. ಮುಗಿದ ಕೈಗಳ ಕೆಳಗೆ ಬೆಳಗಿನ ಜಾವದಿಂದ ಬೇರೆ ಮಾತುಗಳು ಬಂದಿದ್ದವು. ಓಂ ಶಾಂತಿ. ದೇವರು ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಕೊಡಲಿ. ಒಳ್ಳೆಯ ಮನುಷ್ಯರು. ಮಣ್ಣು ಮಾಡೋದು ಎಷ್ಟೊತ್ತಿಗೆ?

ಆಗ ತಿಳಿಯಿತು. ಲಿಂಕ್ ಕಳಿಸಿದರೆ ಫೋನಿನಲ್ಲಿ ಕಾಣುವುದು ಮೊದಲ ಸ್ಲೈಡ್ ಒಂದೇ, ಅಂಗೈಯಗಲ. ಒತ್ತಿ ಒಳಗೆ ಹೋದರೆ ದೇವರು, ಬೀಗರು, ರೊಟ್ಟಿ ಎಲ್ಲ ಸಿಗುತ್ತಾರೆ. ಒತ್ತದಿದ್ದರೆ ಯಜಮಾನರು, ಹಾರ, ಎರಡು ದೀಪ. ನಮ್ಮ ಜನರಲ್ಲಿ ಯಾರು ಒತ್ತುತ್ತಾರೆ? ಹಾರ ನೋಡಿದರು, ದೀಪ ನೋಡಿದರು, ಕೈ ಮುಗಿದರು, ಮುಂದಕ್ಕೆ ಕಳಿಸಿದರು. ಹೌದೋ ಅಲ್ಲವೋ ಅಂತ ಯಾರೂ ಜಗಳೂರಿಗೆ ಫೋನ್ ಮಾಡಿ ಕೇಳಲಿಲ್ಲ. ಸಾವಿನ ಮನೆಗೆ ಫೋನ್ ಹಚ್ಚಿ "ಸತ್ತದ್ದು ನಿಜಾನಾ?" ಅಂತ ಕೇಳುವ ಮರ್ಯಾದೆಗೆಟ್ಟವರು ನಮ್ಮಲ್ಲಿಲ್ಲ. ನ್ಯಾಮತಿಯವರು ಹೊನ್ನಾಳಿಯವರನ್ನು ಕೇಳಿದ್ದಾರೆ, ಹೊನ್ನಾಳಿಯವರು ನ್ಯಾಮತಿಯವರನ್ನು ಕೇಳಿದ್ದಾರೆ, ಇಬ್ಬರೂ ಹೌದು ಅಂದುಕೊಂಡು ಬುತ್ತಿ ಕಟ್ಟಿದ್ದಾರೆ.

ಈಗಲೂ ಹೇಳುತ್ತೇನೆ, ಚೌಕಟ್ಟು ಚೆನ್ನಾಗಿತ್ತು. ಸನ್ಮಾನದಲ್ಲೂ ಹಾರ ಹಾಕುತ್ತಾರೆ, ಸಮಾರಂಭದಲ್ಲೂ ದೀಪ ಹಚ್ಚುತ್ತಾರೆ. ಆ ಫೋಟೋದ ಮುಖ ಒಂದು ಚೂರು ನಕ್ಕಿದ್ದರೆ ಯಾರೂ ಹಾಗೆ ತಿಳಿಯುತ್ತಿರಲಿಲ್ಲ.

ಸೋದರತ್ತೆ ಮೆಟ್ಟಿಲಿಗೆ ಬಂದು, ಕಣ್ಣು ಸರಿಯಾಗಿ ಕಾಣದೆ, ಎದುರಿಗೆ ಸಿಕ್ಕ ಕಾಲುಗಳನ್ನು ತಬ್ಬಿಕೊಂಡು "ನನ್ನಪ್ಪಾ" ಅಂತ ಮತ್ತೊಂದು ಎಳೆ ತೆಗೆದರು.

"ಅತ್ತೀ," ಅಂದರು ಯಜಮಾನರು ಮೆಲ್ಲಗೆ, "ನಾನಿನ್ನೂ ಚಾ ಕುಡೀತಿದೀನಿ."

ಮುದುಕಿ ತಲೆಯೆತ್ತಿ, ಕಣ್ಣು ಕಿರಿದು ಮಾಡಿ, ಅವರ ಮುಖವನ್ನು ಕೈಯಿಂದ ಸವರಿ ನೋಡಿದರು. ಬಿಸಿ ಇತ್ತು. ಆಮೇಲೆ ಅದೇ ಕೈಯಿಂದ ಬೆನ್ನಿಗೆ ಗುದ್ದಿದರು. "ಬದುಕಿದೀಯೇನೋ ಮುಂಡೇದೆ! ನ್ಯಾಮತಿಯಿಂದ ಇಲ್ಲೀಗಂಟ ಅತ್ಕಂತ ಬಂದೀನಿ!" ಗುದ್ದುತ್ತಲೇ ಮತ್ತೆ ಅಳಲು ಶುರು ಮಾಡಿದರು, ಈ ಸಲ ಹಾಡಿಲ್ಲದೆ. ಹೊನ್ನಾಳಿಯ ಬೀಗರು ಹಾರವನ್ನು ಬೆನ್ನ ಹಿಂದೆ ಮರೆಸಿಕೊಂಡರು.

"ಅಲ್ಲಾ, ಒಲೀ ಬ್ಯಾರೆ ಉರೀತೈತಲ್ರೀ!" ಅಂತ ಯಾರೋ ಕೋಣೆಯ ಕಡೆ ಕೈ ತೋರಿಸಿದರು. ಸತ್ತವರ ಮನೆಯಲ್ಲಿ ಒಲೆ ಉರಿಯುತ್ತಿದೆ ಎಂಬ ಕೋಪ ಇನ್ನೂ ಅವರ ದನಿಯಿಂದ ಇಳಿದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲರ ಕಣ್ಣು ಅವಳ ಮೇಲಿಂದ ಸರಿದು ನನ್ನ ಮೇಲೆ, ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಬಂತು. ಯಜಮಾನರು ಕೈ ಚಾಚಿದರು. ಕೊಟ್ಟೆ. ತಮ್ಮ ಮುಖ, ಹಾರ, ದೀಪ ನೋಡಿದರು. ಕೆಳಗಿನ ಅಕ್ಷರವನ್ನು ಓದಿದರು, ಇನ್ನೊಂದು ಸಲ ಓದಿದರು. ಫೋನ್ ವಾಪಸು ಕೊಟ್ಟು ಕಟ್ಟೆಯ ಮೇಲೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನ ಒಲೆಯನ್ನು ನಾನೇ ಕೈಯಾರೆ ಆರಿಸಿದೆ ಅನ್ನಿಸಿತು.

ಸತ್ತ ಸುದ್ದಿ ಸುಳ್ಳಾದರೆ ಆಯಸ್ಸು ಹೆಚ್ಚು ಅಂತ ನಮ್ಮಲ್ಲಿ ಮಾತಿದೆ. ಅದನ್ನು ಹಿಡಿದು ಪರಿಸ್ಥಿತಿ ಉಳಿಸಿದ್ದು ಸೋದರತ್ತೆಯೇ. ಮೂಗು ಒರೆಸಿಕೊಂಡು, "ಅಳು ಆತು, ಇನ್ನ ಉಣ್ಣಬೇಕು. ಬದುಕಿದ ಮನಿಯಾಗೆ ಬುತ್ತಿ ಬಿಚ್ಚಬಾರ್ದು, ಈ ಮನಿ ಒಲಿದೇ ಆಗಬೇಕು. ಏ ತಂಗಿ, ರೊಟ್ಟಿ ಹಾಕು" ಅಂದರು. ಅಕ್ಕ ಒಳಗೆ ಓಡಿದಳು.

ಆಮೇಲೆ ಮಧ್ಯಾಹ್ನದವರೆಗೂ ಜನ ಬರುತ್ತಲೇ ಇದ್ದರು. ಬಸ್ಸಿಳಿದು ಬಂದವರು, ಬೈಕಿನಲ್ಲಿ ಬಂದವರು. ತಿರುವಿನಲ್ಲೇ ನಾನು ನಿಂತು, "ಇದಾರೆ, ಇದಾರೆ, ಒಳಗೆ ಬರ್ರಿ, ಊಟ ಮಾಡ್ರಿ" ಅಂತ ಹೇಳುವ ಕೆಲಸ ಮಾಡಿದೆ. ಅದು ನನಗೆ ಸಿಕ್ಕ ಶಿಕ್ಷೆ. ಸಾವಿನ ಮನೆಗೆ ಅಂತ ಬೆಳಿಗ್ಗೆಯಿಂದ ಹಲ್ಲಿಗೆ ಏನೂ ಹಾಕದೆ ಬಂದವರು, ಅಂಗಳದಲ್ಲಿ ಸಾಲಾಗಿ ಕೂತು, ಹಂಚಿನಿಂದ ಇಳಿದ ರೊಟ್ಟಿಗೆ ಚಟ್ನಿಪುಡಿ, ಮೊಸರು ಹಚ್ಚಿಕೊಂಡು ತಿಂದರು. ತಿಂದವರೆಲ್ಲ ಯಜಮಾನರ ಕೈ ಹಿಡಿದು ಏನಾದರೂ ಒಂದು ಮಾತು ಹೇಳಿ ಹೋದರು. ಯಾರೋ ಹಿಂದೆ ಅವರು ಬೀಜ ಕೊಟ್ಟದ್ದು ನೆನೆದರು, ಯಾರೋ ಆಸ್ಪತ್ರೆಗೆ ಜೊತೆ ಬಂದದ್ದು. ಯಜಮಾನರು ಎಲ್ಲದಕ್ಕೂ "ಹೂಂ" ಅಂದರು. ಆದರೆ ಟವೆಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು, ಅಷ್ಟೇನೂ ಸೆಕೆ ಇರಲಿಲ್ಲ.

ಈ ಗದ್ದಲದ ನಡುವೆ ಮೊಬೈಲ್ ಅಂಗಡಿಯವನು ಬಂದ. ಶಟರ್ ಎಷ್ಟು ಅಗಲ ಹಾಕಿಸಬೇಕು ಅಂತ ಅಳತೆಗೆ ಅವತ್ತೇ ಬರುವುದೆಂದು ಮಾತಾಗಿತ್ತಂತೆ. ಅಂಗಳದ ಜನ, ಮೂಲೆಯಲ್ಲಿ ಬಿದ್ದ ಹಾರಗಳನ್ನು ನೋಡಿ ಪಾಪ ಚಪ್ಪಲಿ ಬಿಟ್ಟು, ಟೇಪನ್ನು ಜೇಬಿಗೆ ಹಾಕಿಕೊಂಡು ಕೈಮುಗಿದು ನಿಂತ. ಕೈಮುಗಿದದ್ದು ಯಜಮಾನರಿಗೇ. ರೊಟ್ಟಿ ತಟ್ಟುವ ಸದ್ದು ನಿಂತಿತು. ಅಕ್ಕ ಬಾಗಿಲ ಹಿಂದೆ ಬಂದಳು, ಅವಳ ಸೆರಗಿನ ಅಂಚು ನನಗೆ ಕಾಣುತ್ತಿತ್ತು.

ಯಜಮಾನರು ಅವನನ್ನು ನೋಡಿದರು, ಕೋಣೆಯನ್ನು ನೋಡಿದರು, ಗೋಡೆಗೆ ಒರಗಿ ರೊಟ್ಟಿ ಮುರಿಯುತ್ತಿದ್ದ ಸೋದರತ್ತೆಯನ್ನು ನೋಡಿದರು.

"ಇಲ್ಲಪ್ಪಾ, ಕೋಣೆ ಕೊಡಲ್ಲ," ಅಂದರು. "ಸತ್ತಾಗ ಹಾಡೋ ಮಾತ್ನ ಬದುಕಿದ್ದಾಗ್ಲೇ ಕೇಳಿಬಿಟ್ಟೆ. ತಮ್ಮನ ಹೆಂಡ್ತಿ ಒಲೀಗೆ ನೆಳ್ಳಾಗಿದ್ನಂತೆ. ಇನ್ನ ಅದನ್ನ ಸುಳ್ಳು ಮಾಡಿ ಸಾಯಾಕೆ ಆಗ್ತೈತಾ? ಬಾ, ಕುಂತು ರೊಟ್ಟಿ ತಿಂದು ಹೋಗು."

"ನನ್ನ ಹಾಡು ಖರ್ಚಾತು ಅನ್ನು," ಅಂದರು ಸೋದರತ್ತೆ. "ನೀನು ಖರೇ ಹೋದಾಗ ಏನ್ ಹಾಡ್ಲೋ?"

"ಅದ್ನೇ ಹಾಡು ಅತ್ತೀ. ಅಷ್ಟೊತ್ತಿಗೆ ನಿಜ ಆಗಿರ್ತೈತೆ."

ನನಗೆ ಅಳು ಬಂತು. ಫೋನ್ ನೋಡುವ ಹಾಗೆ ಮಾಡಿ ಬೀದಿಯ ತಿರುವಿಗೆ ಹೋಗಿ ನಿಂತೆ.

ಅವತ್ತು ಬಂದವರಲ್ಲಿ ಹೊನ್ನಾಳಿಯ ಮದುವೆ ಅಡುಗೆ ಗುತ್ತಿಗೆಯವರೊಬ್ಬರಿದ್ದರು, ಬೀಗರ ಕಡೆಯವರು. ಹೋಗುವಾಗ ಚಟ್ನಿಪುಡಿ ಕಟ್ಟಿಸಿಕೊಂಡು, ಮುಂದಿನ ಮದುವೆಗೆ ಖಡಕ್ ರೊಟ್ಟಿ ಹೇಳಿ ಹೋದರು. ಚನ್ನಗಿರಿಯ ಹಾಸ್ಟೆಲ್ಲೊಂದರ ಆರ್ಡರ್ ಆಮೇಲೆ ಬಂತು. ನನ್ನ ಸ್ಲೈಡ್‌ನಿಂದಲೇ ಬಂದ ಗಿರಾಕಿಗಳು ಅಂತ ನಾನು ಹೇಳುತ್ತೇನೆ, ನನ್ನ ಹೆಂಡತಿ ಒಪ್ಪುವುದಿಲ್ಲ.

ಹೊಸ ಪ್ರೆಸೆಂಟೇಶನ್ ಮಾಡಲು ದೀಪಾವಳಿ ಕಳೆದ ಮೇಲೆ ಮತ್ತೆ ಜಗಳೂರಿಗೆ ಹೋದೆ. ಈ ಸಲ ಮೊದಲ ಸ್ಲೈಡಿನಲ್ಲಿ ರೊಟ್ಟಿ, ದುಂಡಗೆ, ಒಂದೇ, ಮೇಲೆ ಆವಿ. ಬೀಗರನ್ನೆಲ್ಲ ತೆಗೆದೆ. ಸವಳಂಗದವರು ಅದಕ್ಕೂ ಬೇಜಾರು ಮಾಡಿಕೊಂಡರು. ಆದರೆ ಯಜಮಾನರ ಮುಖವನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಕೊನೆಯ ಸ್ಲೈಡಿನಲ್ಲಿ ಇರಲಿ ಅಂದೆ. "ಬ್ಯಾಡಪ್ಪಾ, ಒಂದ್ಸಲ ಸಾಕಾಗೈತೆ" ಅಂದರು. ಬಿಡಲಿಲ್ಲ. ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ, ಒಲೆಯ ಪಕ್ಕ ಮಣೆ ಹಾಕಿ ಕೂರಿಸಿ, ಕೈಗೆ ರೊಟ್ಟಿ ಕೊಟ್ಟೆ. ಆ ಕೋಣೆಯಲ್ಲಿ ಅವರು ಕೂತದ್ದು ಅದೇ ಮೊದಲಂತೆ. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು.

ಫೋನ್ ಎತ್ತಿದ ಕೂಡಲೇ ಯಜಮಾನರು ಮತ್ತೆ ಅದೇ ಕಷಾಯದ ಮುಖ ಮಾಡಿದರು. "ಸ್ವಲ್ಪ ನಗ್ರಿ" ಅಂದೆ. ತುಟಿ ಎಳೆದರು, ಇನ್ನೂ ಕೆಟ್ಟದಾಯಿತು. ಮೂವರೂ ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ಸಿಟ್ಟು ಬರಲು ಶುರುವಾಗಿತ್ತು.

ಆ ಹೊತ್ತಿಗೆ ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ತಲೆಯೆತ್ತಿದಳು. ಗೋಡೆಯ ಕಡೆ ತಿರುಗಲಿಲ್ಲ. ನೇರವಾಗಿ ಅವರನ್ನೇ ನೋಡಿದಳು.

"ಭಾವಾ," ಅಂದಳು, "ಹಲ್ಲು ಕಾಣಂಗೆ ನಗ್ರಿ. ಇಲ್ಲಾಂದ್ರೆ ಮತ್ತೆ ಬುತ್ತಿ ಕಟ್ಕಂಡು ಬರ್ತಾರೆ."

ಅವರೂ ಅವಳನ್ನೇ ನೋಡಿದರು. ಆಮೇಲೆ ಯಜಮಾನರು ನಕ್ಕರು. ಬಾಯಲ್ಲಿದ್ದ ರೊಟ್ಟಿಯ ಚೂರು ಹೊರಗೆ ಬರುವ ಹಾಗೆ, ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಅವರ ಹಿಂದೆಯೇ ಅಕ್ಕ ನಕ್ಕಳು, ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ. ನಾನು ಇಬ್ಬರನ್ನೂ ಸೇರಿಸಿ ಒತ್ತಿದೆ. ಇವತ್ತಿಗೂ ಆ ಪ್ರೆಸೆಂಟೇಶನ್ನಿನ ಕೊನೆಯಲ್ಲಿರುವುದು ಅದೇ ಫೋಟೋ. ಅದರಲ್ಲಿ ಇಬ್ಬರ ಮುಖವೂ ಒಂದೇ ಅಳತೆಯಲ್ಲಿದೆ.